ತಲುಪದ ಪತ್ರ, ಕಾಯದ ಜನ: ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ಒಂದು ದುರಂತ ನಾಟಕದ ಪಾಠ

ಈ ಪ್ರಕರಣ ಒಂದು ಪ್ರೌಢಶಾಲೆಯ ಇಂಗ್ಲಿಷ್ ತರಗತಿಗೆ ಸಂಬಂಧಿಸಿದ್ದು. ವಿದ್ಯಾರ್ಥಿಗಳು 14–15ರ ವಯಸ್ಸಿನವರು. ಪಠ್ಯ ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’, ಹಗೆ ಸಾಧಿಸುವ ಎರಡು ಮನೆತನಗಳ ಹುಡುಗ ಹುಡುಗಿಯ ಪ್ರೇಮ ಮತ್ತು ಸಾವಿನ ಕಥೆ. ಪಾಠ ಮಾಡಿದ ಶಿಕ್ಷಕಿ ಈ ನಾಟಕವನ್ನು ಹಿಂದೆಯೂ ಕಲಿಸಿದವರು. ತರಗತಿಯಲ್ಲಿ ಕುಳಿತು ನಾನು ಕಂಡದ್ದು, ಮಕ್ಕಳ ಬರಹಗಳು ಮತ್ತು ಶಿಕ್ಷಕಿಯೊಡನೆ ನಡೆದ ಮಾತುಕತೆ, ಈ ಮೂರೂ ಇಲ್ಲಿನ ವಿವರಗಳಿಗೆ ಆಧಾರ.

ನಾಟಕವನ್ನು ಒಂದು ಸುತ್ತು ಪೂರ್ತಿಯಾಗಿ ಓದಿಸಿದ ಬಳಿಕ ಅವರು ಒಂದು ಪ್ರಬಂಧ ಬರೆಸಿದರು. ಪ್ರಶ್ನೆ ಎಲ್ಲರಿಗೂ ಪರಿಚಿತವಾದದ್ದೇ: ಈ ದುರಂತಕ್ಕೆ ಕಾರಣವೇನು? ಬಂದ ಉತ್ತರಗಳು ಬಹುಮಟ್ಟಿಗೆ ಎರಡೇ ಬಗೆಯವು. ಒಂದು, ಎಲ್ಲವೂ ವಿಧಿಯಾಟ. ಇನ್ನೊಂದು, ಹದಿಹರೆಯದ ಆತುರದ ಪ್ರೇಮವೇ ಅವರನ್ನು ಕೊಂದಿತು. ಎರಡಕ್ಕೂ ಮಕ್ಕಳು ಪುರಾವೆ ಕೊಟ್ಟಿದ್ದರು. ನಕ್ಷತ್ರಗಳೇ ಈ ಪ್ರೇಮಿಗಳಿಗೆ ಅಡ್ಡ ಬಂದಿವೆ ಎಂದು ನಾಟಕದ ಪೀಠಿಕೆ ಹೇಳುತ್ತದೆ. ಜೂಲಿಯೆಟ್‌ಳ ಸೋದರಮಾವನ ಮಗ ಟೈಬಾಲ್ಟನನ್ನು ಕೊಂದ ಕೂಡಲೇ ರೋಮಿಯೋ ತಾನು ಅದೃಷ್ಟದ ಕೈಯ ಆಟಿಕೆ ಎಂಬರ್ಥದಲ್ಲಿ ಕೂಗುತ್ತಾನೆ. ಭಾಷೆ ಶುದ್ಧವಾಗಿತ್ತು, ಅಂಕ ಕಡಿಯಲು ಕಾರಣವಿರಲಿಲ್ಲ. ಆದರೂ ಶಿಕ್ಷಕಿಗೆ ಸಮಾಧಾನವಾಗಲಿಲ್ಲ. ಪೀಠಿಕೆಯ 14 ಸಾಲುಗಳನ್ನೂ ಒಂದು ಪುಟದ ಕಥಾಸಾರವನ್ನೂ ಓದಿದವರು ಈ ಪ್ರಬಂಧವನ್ನು ಅಷ್ಟೇ ಚೆನ್ನಾಗಿ ಬರೆಯಬಹುದಿತ್ತು ಎಂಬುದು ಅವರ ಆಕ್ಷೇಪ. ಐದು ಅಂಕಗಳ ನಾಟಕ ಓದಿದ್ದರ ಗುರುತು ಆ ಉತ್ತರಗಳಲ್ಲಿ ಎಲ್ಲಿಯೂ ಇರಲಿಲ್ಲ.

ಸಮಸ್ಯೆಯ ಸ್ವರೂಪ

ವಿಧಿ ಎಂಬ ಉತ್ತರ ತಪ್ಪಲ್ಲ ಎಂಬುದನ್ನು ಮೊದಲೇ ಹೇಳಬೇಕು. ವಿಧಿಯ ಮಾತು ನಾಟಕದಲ್ಲಿಯೇ ಮತ್ತೆ ಮತ್ತೆ ಬರುತ್ತದೆ. ತೊಂದರೆಯಿರುವುದು ಆ ಉತ್ತರ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿಬಿಡುವುದರಲ್ಲಿ. ವಿಧಿ ಎಂದ ಮೇಲೆ ಯಾವ ಪಾತ್ರದ ಯಾವ ಮಾತನ್ನೂ ಮತ್ತೆ ನೋಡುವ ಅಗತ್ಯ ಬೀಳುವುದಿಲ್ಲ. ಆತುರದ ಪ್ರೇಮ ಎಂಬ ಉತ್ತರದ ಗತಿಯೂ ಅದೇ. ಅದು ಇಬ್ಬರು ಮಕ್ಕಳ ತಲೆಗೆ ಎಲ್ಲವನ್ನೂ ಕಟ್ಟಿ ಉಳಿದವರನ್ನು ಸಲೀಸಾಗಿ ಬಿಟ್ಟುಬಿಡುತ್ತದೆ.

ಇದರ ಹಿಂದೆ ಇನ್ನೊಂದು ತೊಡಕಿತ್ತು. ನಾಯಕ ನಾಯಕಿ ಇಬ್ಬರೂ ಸಾಯುತ್ತಾರೆ ಎಂಬುದನ್ನು ಪೀಠಿಕೆಯೇ ಪ್ರೇಕ್ಷಕರಿಗೆ ತಿಳಿಸಿಬಿಡುತ್ತದೆ. ಕೊನೆಯನ್ನು ಬಚ್ಚಿಟ್ಟು ಕುತೂಹಲ ಕೆರಳಿಸುವ ಕಥೆಗಳಿಗೆ ಒಗ್ಗಿಹೋದ ಮಕ್ಕಳಿಗೆ ಇದು ಒಗಟಾಗಿ ಕಂಡಿತು. ಒಬ್ಬ ಹುಡುಗ ನೇರವಾಗಿಯೇ ಕೇಳಿದ: “ಎಲ್ಲ ಮೊದಲೇ ಹೇಳಿಬಿಟ್ಟಿದ್ದಾರಲ್ಲ ಮಿಸ್, ಇನ್ನು ಓದುವುದಕ್ಕೆ ಏನಿದೆ?” ತರಗತಿ ನಕ್ಕಿತು. ಶಿಕ್ಷಕಿ ನಗಲಿಲ್ಲ, ಆ ಪ್ರಶ್ನೆಯನ್ನು ಬೋರ್ಡಿನ ಒಂದು ಮೂಲೆಯಲ್ಲಿ ಬರೆದು, ಪಾಠ ಮುಗಿಯುವವರೆಗೂ ಅಳಿಸಬಾರದೆಂದರು. ನನ್ನ ಅಭಿಪ್ರಾಯದಲ್ಲಿ ಈ ತರಗತಿಯಲ್ಲಿ ಕೇಳಿಬಂದ ಅತ್ಯುತ್ತಮ ಪ್ರಶ್ನೆ ಅದೇ. ದುರಂತ ನಾಟಕವನ್ನು ಕಲಿಸುವವರು ಏನು ಕಲಿಸಬೇಕೋ ಅದೆಲ್ಲ ಅದಕ್ಕೆ ಕೊಡುವ ಉತ್ತರದಲ್ಲಿದೆ.

ರೂಢಿಯಲ್ಲಿರುವ ಪರಿಹಾರಗಳನ್ನು ಅವರು ಬಳಸದೆ ಇರಲಿಲ್ಲ. ಎಡ ಪುಟದಲ್ಲಿ ಮೂಲ, ಬಲ ಪುಟದಲ್ಲಿ ಇಂದಿನ ಇಂಗ್ಲಿಷ್ ಇರುವ ಆವೃತ್ತಿ ಮಕ್ಕಳ ಕೈಯಲ್ಲಿತ್ತು. ಅದರಿಂದ ಕಥೆ ಸ್ಪಷ್ಟವಾಯಿತು, ಆದರೆ ಕಣ್ಣು ಎಡ ಪುಟಕ್ಕೆ ಹೋಗುವುದೇ ನಿಂತುಹೋಯಿತು. ಚಲನಚಿತ್ರ ತೋರಿಸುವ ಯೋಚನೆಯನ್ನು ಅವರು ಮುಂದಕ್ಕೆ ಹಾಕಿದರು. ದೃಶ್ಯವನ್ನು ಓದುವ ಮುನ್ನವೇ ಚಿತ್ರ ನೋಡಿದರೆ ಆ ನಟರ ಮುಖವೇ ಪಾತ್ರವಾಗಿ ಉಳಿಯುತ್ತದೆ ಎಂಬ ಅವರ ಅನುಮಾನ ನನಗೂ ಸರಿಯೆನಿಸಿತು.

ಯಾರಿಗೆ, ಯಾವಾಗ, ಏನು ಗೊತ್ತಿತ್ತು

ಎರಡನೆಯ ಸುತ್ತಿನ ಓದಿಗೆ ಅವರು ಪ್ರಶ್ನೆಯನ್ನೇ ಬದಲಿಸಿದರು. ಕಾರಣವೇನು ಎಂದು ಕೇಳುವುದನ್ನು ಬಿಟ್ಟು, ಯಾವ ದಿನ ಯಾರಿಗೆ ಏನು ಗೊತ್ತಿತ್ತು ಎಂದು ಕೇಳಿದರು. ಗೋಡೆಯ ಮೇಲೆ ಉದ್ದನೆಯ ಕಾಗದ ಅಂಟಿಸಿ, ಅಡ್ಡಸಾಲಿನಲ್ಲಿ ದಿನಗಳನ್ನೂ ಲಂಬಸಾಲಿನಲ್ಲಿ ಪಾತ್ರಗಳನ್ನೂ ಬರೆಯಲಾಯಿತು. ನಿಯಮ ಒಂದೇ: ಅಂಕ, ದೃಶ್ಯ ಮತ್ತು ಸಾಲು ಹೇಳದೆ ಯಾರೂ ಏನನ್ನೂ ತುಂಬುವಂತಿಲ್ಲ. ಮಕ್ಕಳು ಎಡ ಪುಟಕ್ಕೆ ಮರಳಿದ್ದು ಈ ನಿಯಮದ ದೆಸೆಯಿಂದ, ಏಕೆಂದರೆ ಸಾಲುಗಳ ಸಂಖ್ಯೆ ಇದ್ದದ್ದು ಮೂಲದ ಪುಟದಲ್ಲಿ ಮಾತ್ರ.

ಪಟ್ಟಿ ತುಂಬುತ್ತ ಹೋದಂತೆ ಮೊದಲು ಕಣ್ಣಿಗೆ ಹೊಡೆದದ್ದು ವೇಗ. ಭಾನುವಾರ ಬೆಳಿಗ್ಗೆ ಬೀದಿಕಾಳಗ, ಅದೇ ರಾತ್ರಿ ಔತಣಕೂಟದಲ್ಲಿ ಭೇಟಿ. ಸೋಮವಾರ ಮಧ್ಯಾಹ್ನ ಗುಟ್ಟಿನ ಮದುವೆ. ಅದಾಗಿ ಒಂದು ಗಂಟೆ ಕಳೆಯುವಷ್ಟರಲ್ಲಿ ರೋಮಿಯೋನ ಗೆಳೆಯ ಮರ್ಕ್ಯೂಶಿಯೋ ಮತ್ತು ಟೈಬಾಲ್ಟ್ ಹೆಣವಾಗುತ್ತಾರೆ, ರೋಮಿಯೋಗೆ ಗಡೀಪಾರಿನ ಶಿಕ್ಷೆಯಾಗುತ್ತದೆ. ಮಂಗಳವಾರ ಮುಂಜಾವಿನಲ್ಲಿ ಗಂಡ ಹೆಂಡತಿ ಬೇರೆಯಾಗುತ್ತಾರೆ, ಅದೇ ರಾತ್ರಿ ಜೂಲಿಯೆಟ್ ಸತ್ತಂತೆ ಕಾಣುವ ನಿದ್ದೆ ತರುವ ಮದ್ದು ಕುಡಿಯುತ್ತಾಳೆ, ಬುಧವಾರ ಬೆಳಿಗ್ಗೆ ಮನೆಯವರು ಅವಳನ್ನು ಸತ್ತಳೆಂದು ತಿಳಿಯುತ್ತಾರೆ. ಶಿಕ್ಷಕಿ ಇಲ್ಲಿ ಒಂದು ಸಂಗತಿ ಸೇರಿಸಿದರು: ನಾಟಕಕ್ಕೆ ಆಕರವಾದ ಆರ್ಥರ್ ಬ್ರೂಕನ 1562ರ ಕಥನಕಾವ್ಯದಲ್ಲಿ ಇದೇ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ, ಅಲ್ಲಿ ಜೂಲಿಯೆಟ್‌ಗೆ ಸುಮಾರು 16 ವರ್ಷ. ಶೇಕ್ಸ್‌ಪಿಯರ್ ತಿಂಗಳುಗಳನ್ನು ದಿನಗಳಿಗೆ ಇಳಿಸಿದ, ಹುಡುಗಿಯನ್ನು 14 ತುಂಬದವಳನ್ನಾಗಿ ಮಾಡಿದ. ಹಾಗಾದರೆ ಆ ಆತುರ ಬರಿಯ ಹದಿಹರೆಯದ ಸ್ವಭಾವವಲ್ಲ, ನಾಟಕಕಾರ ಬೇಕೆಂದೇ ಕಟ್ಟಿದ್ದು ಎಂಬುದು ತರಗತಿಗೆ ಹೊಳೆಯಿತು.

ನಂತರ ಕಂಡದ್ದು ಇನ್ನೂ ಮುಖ್ಯವಾದ ವಿಷಯ: ಆತುರ ಪಡುವವರು ಪ್ರೇಮಿಗಳಿಬ್ಬರೇ ಅಲ್ಲ. ಮೊದಲ ಅಂಕದಲ್ಲಿ ಪ್ಯಾರಿಸ್ ಎಂಬ ಕುಲೀನ ಯುವಕ ಹೆಣ್ಣು ಕೇಳಲು ಬಂದಾಗ ಜೂಲಿಯೆಟ್‌ಳ ತಂದೆ ಕ್ಯಾಪುಲೆಟ್, ಇನ್ನೂ ಎರಡು ಬೇಸಿಗೆ ಕಳೆಯಲಿ, ಅವಳ ಒಪ್ಪಿಗೆಯೂ ಬೇಕು ಎನ್ನುತ್ತಾನೆ. ಮೂರನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ, ಸೋಮವಾರ ರಾತ್ರಿ, ಅದೇ ತಂದೆ ಇಂದು ಯಾವ ವಾರ ಎಂದು ಕೇಳಿ, ಬುಧವಾರ ತೀರ ಬೇಗನೆ ಆಯಿತೆಂದು ಗುರುವಾರಕ್ಕೆ ಮದುವೆ ಗೊತ್ತು ಮಾಡುತ್ತಾನೆ, ಮಗಳನ್ನು ಕೇಳದೆ. ಮರುದಿನ ಅವಳು ಕ್ಷಮೆ ಕೇಳಿದ್ದೇ ತಡ, ಬೇಗವಾಯಿತೆಂದಿದ್ದ ಬುಧವಾರಕ್ಕೇ ಮದುವೆಯನ್ನು ಎಳೆದು ತರುತ್ತಾನೆ. ಆ ಒಂದು ದಿನದ ಬದಲಾವಣೆಯಿಂದ ಜೂಲಿಯೆಟ್ ಆ ರಾತ್ರಿಯೇ ಮದ್ದು ಕುಡಿಯಬೇಕಾಗುತ್ತದೆ, ಈ ಉಪಾಯವನ್ನು ತಿಳಿಸಲು, ಗಡೀಪಾರಾದ ರೋಮಿಯೋ ಇರುವ ಮ್ಯಾಂಟುವಾಕ್ಕೆ ಹೋಗಬೇಕಾದ ಪತ್ರಕ್ಕೆ ಇದ್ದ ಕಾಲಾವಕಾಶವೂ ಅಷ್ಟು ಕುಗ್ಗುತ್ತದೆ. ಮದ್ದು ಕೊಟ್ಟ ಸನ್ಯಾಸಿ ಫ್ರಯರ್ ಲಾರೆನ್ಸ್ ವಿಷಯವೂ ಹೀಗೆಯೇ. ಓಡುವವರು ಎಡವುತ್ತಾರೆ, ನಿಧಾನವಾಗಿ ನಡೆ ಎಂದು ರೋಮಿಯೋಗೆ ಬುದ್ಧಿ ಹೇಳಿದವನೂ ಅವನೇ, ಅದೇ ದಿನ ಮದುವೆ ಮಾಡಿಸಿದವನೂ ಅವನೇ.

ಗಂಟೆಗಳ ಲೆಕ್ಕದಲ್ಲಿ ಒಂದು ಗುಂಪು ಸಿಕ್ಕಿಹಾಕಿಕೊಂಡಿತು. ಮದ್ದಿನ ಪರಿಣಾಮ 42 ಗಂಟೆ ಎಂದು ಫ್ರಯರ್ ಹೇಳುತ್ತಾನೆ. ಮಂಗಳವಾರ ರಾತ್ರಿಯಿಂದ 42 ಗಂಟೆ ಎಣಿಸಿದರೆ ಗುರುವಾರ ಸಂಜೆಯಾಗುತ್ತದೆ; ಆದರೆ ಅವಳು ಏಳುವುದು ರಾತ್ರಿಯಲ್ಲಿ. ಹಾಗಾದರೆ ಅದು ಗುರುವಾರದ ಮುಂಜಾವೋ ಶುಕ್ರವಾರದ ಮುಂಜಾವೋ? ಅವಳನ್ನು ಹೂಳಿ ಎರಡು ದಿನವಾಯಿತು ಎಂದು ಕಾವಲುಗಾರನೊಬ್ಬ ಹೇಳುವ ಸಾಲನ್ನು ಒಬ್ಬ ಹುಡುಗಿ ಹುಡುಕಿ ತೆಗೆದಳು. ಲೆಕ್ಕ ಅಚ್ಚುಕಟ್ಟಾಗಿ ಕೂಡಲಿಲ್ಲ. ಶಿಕ್ಷಕಿ ಅದನ್ನು ಕೂಡಿಸಲು ಹೋಗದೆ, ರಂಗದ ಮೇಲೆ ಓಡುತ್ತಿರುವ ನಾಟಕದಲ್ಲಿ ಪ್ರೇಕ್ಷಕರು ಗಂಟೆ ಎಣಿಸುವುದಿಲ್ಲ ಎಂದಷ್ಟೇ ಹೇಳಿ ಆ ಚೌಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿದರು. ಮಹಾಕವಿಯ ಪಠ್ಯದಲ್ಲಿ ಸಡಿಲವಾದ ಹೊಲಿಗೆಯೊಂದನ್ನು ತಾವೇ ಕಂಡುಹಿಡಿದೆವೆಂಬ ಹಿಗ್ಗಿನಿಂದ ಆ ಗುಂಪು ಮುಂದಿನ ಪಾಠಗಳಲ್ಲಿ ಎಲ್ಲರಿಗಿಂತ ಹೆಚ್ಚು ಚುರುಕಾಯಿತು.

ಐದನೆಯ ಅಂಕದ ಎರಡು ಪುಟ್ಟ ದೃಶ್ಯಗಳು

ಸಾಮಾನ್ಯವಾಗಿ ಓಡಿಸಿಬಿಡುವ ಎರಡು ದೃಶ್ಯಗಳಿಗೆ ಈ ತರಗತಿಯಲ್ಲಿ ಅತಿ ಹೆಚ್ಚು ಸಮಯ ಸಿಕ್ಕಿತು. ಐದನೆಯ ಅಂಕದ ಎರಡನೆಯ ದೃಶ್ಯದಲ್ಲಿ ಲಾರೆನ್ಸ್ ಕಳುಹಿಸಿದ ಫ್ರಯರ್ ಜಾನ್ ರೋಮಿಯೋಗೆ ಪತ್ರ ತಲುಪಿಸದೆ ಹಿಂದಿರುಗಿದ್ದಾನೆ. ಜೊತೆಗೆಂದು ತನ್ನದೇ ಪಂಥದ ಇನ್ನೊಬ್ಬ ಸನ್ಯಾಸಿಯನ್ನು ಹುಡುಕಿಕೊಂಡು ಹೋದನಂತೆ. ಆತ ರೋಗಿಗಳನ್ನು ನೋಡುತ್ತಿದ್ದ. ಇಬ್ಬರೂ ಪ್ಲೇಗ್ ಇರುವ ಮನೆಯಲ್ಲಿದ್ದರೆಂದು ಅನುಮಾನಿಸಿ ಊರಿನ ತಪಾಸಣೆಯವರು ಬಾಗಿಲಿಗೆ ಮುದ್ರೆ ಹಾಕಿದರು. ಪತ್ರವನ್ನು ಹಿಂದಕ್ಕೆ ಕಳುಹಿಸೋಣವೆಂದರೂ ಸೋಂಕಿನ ಭಯದಿಂದ ಒಯ್ಯುವವರು ಸಿಗಲಿಲ್ಲ. ವಿಧಿಯ ಪರ ವಾದಿಸುತ್ತಿದ್ದ ಮಕ್ಕಳಿಗೆ ಇದು ಬಲವಾದ ಸಾಕ್ಷಿಯಾಗಿ ಕಂಡಿತು, ಮತ್ತು ಅದು ನ್ಯಾಯವೇ. ಇಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬ ಸನ್ಯಾಸಿ ರೋಗಿಗಳ ಬಳಿ ಇದ್ದ, ಅಧಿಕಾರಿಗಳು ತಮ್ಮ ಕೆಲಸ ಮಾಡಿದರು, ಅಷ್ಟೆ.

ಆಗ ಶಿಕ್ಷಕಿ ಅದರ ಹಿಂದಿನ ದೃಶ್ಯಕ್ಕೆ ತಿರುಗಿಸಿದರು. ಮ್ಯಾಂಟುವಾದಲ್ಲಿರುವ ರೋಮಿಯೋ ಬಳಿಗೆ ಅವನ ಆಳು ಬಾಲ್ತಸಾರ್ ಧಾವಿಸಿ ಬರುತ್ತಾನೆ. ಕಂಡೊಡನೆ ರೋಮಿಯೋ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, ಫ್ರಯರ್‌ನಿಂದ ಪತ್ರವೇನಾದರೂ ತಂದೆಯಾ ಎಂಬುದು. ಜೂಲಿಯೆಟ್ ಸತ್ತಳೆಂಬ ಸುದ್ದಿ ಕೇಳಿದ ಮೇಲೆ, ಕುದುರೆಗಳನ್ನು ಗೊತ್ತುಮಾಡು ಎಂದು ಅಪ್ಪಣೆ ಕೊಟ್ಟ ಮೇಲೆ, ಅವನು ಇನ್ನೊಮ್ಮೆ ಅದನ್ನೇ ಕೇಳುತ್ತಾನೆ. ಇಲ್ಲ ಎಂಬ ಉತ್ತರ ಬರುತ್ತದೆ. ಅದಕ್ಕೆ ಅವನ ಪ್ರತಿಕ್ರಿಯೆ, ಇರಲಿ, ನೀನು ಹೊರಡು ಎಂಬಷ್ಟೇ ಚಿಕ್ಕ ಮಾತು. ಇವೆರಡರ ನಡುವೆ ಬಾಲ್ತಸಾರ್, ನಿಮ್ಮ ಮುಖ ಬಿಳಿಚಿಕೊಂಡಿದೆ, ಸ್ವಲ್ಪ ತಾಳಿ ಎಂದು ಬೇಡಿಕೊಂಡಿರುತ್ತಾನೆ.

ಶಿಕ್ಷಕಿ ಇಬ್ಬರನ್ನು ನಿಲ್ಲಿಸಿ ಈ ಸಂಭಾಷಣೆಯನ್ನು ಹಲವು ಬಗೆಯಲ್ಲಿ ಓದಿಸಿದರು. ಮೊದಲಿಗೆ ಆ ಕೊನೆಯ ಮಾತನ್ನು ಹುಡುಗ ಕೋಪದಿಂದ ಹೇಳಿದ. ಆಮೇಲೆ ಉತ್ತರ ಬಂದ ಬಳಿಕ ಒಂದು ಉಸಿರು ತಡೆದು, ಬಹಳ ಮೆಲ್ಲಗೆ ಹೇಳಿದ. ಹಿಂದಿನ ಸಾಲಿನಿಂದ ಒಬ್ಬಳು ಥಟ್ಟನೆ ಹೇಳಿದಳು: “ಅವನಿಗೆ ಪತ್ರ ಬರಬೇಕಿತ್ತು ಅಂತ ಗೊತ್ತು ಮಿಸ್. ಎರಡು ಸಲ ಕೇಳಿದ್ದಾನೆ. ಆದರೂ ಕಾಯಲಿಲ್ಲ.” ಅಲ್ಲಿಯವರೆಗೆ ವಿಧಿಯ ಪಕ್ಷ, ಆತುರದ ಪಕ್ಷ ಎಂದು ಇಬ್ಭಾಗವಾಗಿದ್ದ ತರಗತಿಯಲ್ಲಿ ಆ ಗೆರೆ ಅಳಿಸಿತು. ಪ್ಲೇಗ್ ಮನೆಯ ಬಾಗಿಲು ಯಾರ ಕೈಯಲ್ಲಿಯೂ ಇರಲಿಲ್ಲ. ಇನ್ನೊಂದು ದಿನ ಕಾಯುವುದು ರೋಮಿಯೋನ ಕೈಯಲ್ಲಿತ್ತು. ಎರಡರಲ್ಲಿ ಒಂದಿಲ್ಲದಿದ್ದರೂ ಸಾವುಗಳು ಆಗುತ್ತಿರಲಿಲ್ಲ. ಎರಡೂ ಒಂದನ್ನೊಂದು ಹಾಯುವ ಆ ಬಿಂದುವೇ ಈ ನಾಟಕದ ದುರಂತ ಎಂಬುದನ್ನು ಮಕ್ಕಳು ಯಾವ ಪಾರಿಭಾಷಿಕ ಪದದ ನೆರವೂ ಇಲ್ಲದೆ ಹಿಡಿದರು. ಮೂಲೆಯಲ್ಲಿ ಬರೆದಿಟ್ಟಿದ್ದ ಪ್ರಶ್ನೆಗೂ ಉತ್ತರ ಇಲ್ಲಿಯೇ ಸಿಕ್ಕಿತು. ಕೊನೆ ಗೊತ್ತಿರುವುದರಿಂದಲೇ ಆ ‘ಇಲ್ಲ’ ಎಂಬ ಉತ್ತರ ನಮ್ಮನ್ನು ಕುಟುಕುತ್ತದೆ. ಗೊತ್ತಿಲ್ಲದವರಿಗೆ ಅದು ಆಳಿನ ಸಾದಾ ಮಾತು.

ತರಗತಿ ನ್ಯಾಯಾಲಯವಾದಾಗ

ಈ ವಿಧಾನಕ್ಕೆ ತನ್ನದೇ ಅಪಾಯವಿದೆ, ಮತ್ತು ಅದು ಬೇಗನೆ ತಲೆದೋರಿತು. ಪಟ್ಟಿ ತುಂಬಿದ ಮಕ್ಕಳು ತಪ್ಪು ಹಂಚಲು ತೊಡಗಿದರು. ಫ್ರಯರ್‌ಗೆ ಇಷ್ಟು ಪಾಲು, ತಂದೆಗೆ ಇಷ್ಟು, ಜೂಲಿಯೆಟ್‌ಳನ್ನು ಸಾಕಿದ ದಾದಿಗೆ ಇಷ್ಟು ಎಂಬ ಲೆಕ್ಕ ಶುರುವಾಯಿತು. ಚರ್ಚೆ ಜೋರಾಗಿದ್ದರಿಂದ ಹೊರಗಿನಿಂದ ನೋಡುವವರಿಗೆ ಇದು ಯಶಸ್ವೀ ಪಾಠವೆಂದೇ ತೋರುತ್ತಿತ್ತು. ನನಗೆ ಹಾಗನ್ನಿಸಲಿಲ್ಲ. ಅಪರಾಧಿಯನ್ನು ಹುಡುಕುವ ಪತ್ತೇದಾರಿಕೆಯಲ್ಲಿ ನಾಟಕದ ನೋವು ಸೋರಿಹೋಗುತ್ತದೆ, ಕಾವ್ಯವಂತೂ ಪುರಾವೆಯ ಕಾಗದವಾಗಿಬಿಡುತ್ತದೆ.

ಶಿಕ್ಷಕಿ ಚರ್ಚೆಯನ್ನು ನಿಲ್ಲಿಸದೆ ಒಂದು ಷರತ್ತು ಹಾಕಿದರು: ಪಾತ್ರಕ್ಕೆ ಆ ಕ್ಷಣ ಗೊತ್ತಿದ್ದಷ್ಟನ್ನೇ ಇಟ್ಟುಕೊಂಡು ತೀರ್ಪು ಕೊಡಬೇಕು. ಷರತ್ತು ಬಂದೊಡನೆ ಕ್ಯಾಪುಲೆಟ್‌ನ ಚಿತ್ರ ಬದಲಾಯಿತು. ಮಗಳಿಗೆ ಮದುವೆಯಾಗಿದೆ ಎಂಬುದೇ ಅವನಿಗೆ ಗೊತ್ತಿಲ್ಲ. ಟೈಬಾಲ್ಟನ ಸಾವಿಗೆ ಅಳುತ್ತಿರುವ ಹುಡುಗಿಗೆ ಸಂತೋಷದ ಸುದ್ದಿ ತಂದೆನೆಂದು ಅವನು ನಂಬಿದ್ದಾನೆ. ಒಬ್ಬ ಹುಡುಗ ಈ ವಾದವನ್ನು ಸಮರ್ಥವಾಗಿ ಮಂಡಿಸಿದ. ಅದಕ್ಕೆ ಪ್ರತಿಯಾಗಿ ಒಬ್ಬ ಹುಡುಗಿ ಮೂರನೆಯ ಅಂಕದ ಐದನೆಯ ದೃಶ್ಯದಿಂದ ತಂದೆಯ ಬೈಗುಳವನ್ನು ಓದಿದಳು: ಒಪ್ಪದಿದ್ದರೆ ನೇಣು ಹಾಕಿಕೋ, ಭಿಕ್ಷೆ ಬೇಡು, ಹಸಿದು ಬೀದಿಯಲ್ಲಿ ಸಾಯಿ ಎಂಬ ಸಾಲು. ಗೊತ್ತಿಲ್ಲದಿರುವುದು ಆ ಮಾತಿಗೆ ಕಾರಣವಾಗಬಹುದು, ಸಮರ್ಥನೆಯಾಗದು ಎಂದು ಅವಳ ವಾದ. ಇದನ್ನು ತೀರ್ಮಾನಿಸಲು ಯಾರಿಗೂ ಆಗಲಿಲ್ಲ.

ದಾದಿಯ ವಿಚಾರದಲ್ಲಿ ಮಾತ್ರ ಒಮ್ಮತವಿತ್ತು, ಮತ್ತು ಅದು ಕಠೋರವಾಗಿತ್ತು. ಅವಳಿಗೆ ಎಲ್ಲವೂ ಗೊತ್ತಿದೆ. ಸಂದೇಶ ಒಯ್ದವಳು, ಆ ಮೊದಲ ರಾತ್ರಿಗೆ ಹಗ್ಗದ ಏಣಿ ತಂದವಳು ಅವಳೇ. ತಂದೆ ಕೂಗಾಡಿ ಹೋದ ಮೇಲೆ ಜೂಲಿಯೆಟ್ ಸಮಾಧಾನ ಬೇಡಿದಾಗ, ಪ್ಯಾರಿಸ್‌ನನ್ನೇ ಮದುವೆಯಾಗು, ಅವನ ಮುಂದೆ ರೋಮಿಯೋ ಪಾತ್ರೆ ಒರೆಸುವ ಬಟ್ಟೆ ಎನ್ನುತ್ತಾಳೆ. ನಿನ್ನ ಮನಸ್ಸಿನಿಂದ ಹೇಳುತ್ತಿದ್ದೀಯಾ ಎಂದು ಜೂಲಿಯೆಟ್ ಒಮ್ಮೆ ಕೇಳುತ್ತಾಳೆ. ಹೌದು ಎಂಬ ಉತ್ತರ ಬಂದ ಮೇಲೆ ಮತ್ತೆಂದೂ ಅವಳಲ್ಲಿ ಗುಟ್ಟು ಹೇಳುವುದಿಲ್ಲ. ಅಲ್ಲಿಂದ ಮುಂದೆ ಆ ಹುಡುಗಿ ಮನೆಯಲ್ಲಿ ಒಂಟಿ. ಈ ವಯಸ್ಸಿನ ಓದುಗರು ಬಾಲ್ಕನಿಯ ದೃಶ್ಯಕ್ಕಿಂತ ಇದಕ್ಕೆ ಹೆಚ್ಚು ಮಿಡಿದರೆಂಬುದು ನನ್ನ ಗ್ರಹಿಕೆ.

ಕಾವ್ಯವನ್ನು ಮರಳಿ ತರಲು ಶಿಕ್ಷಕಿ ಹಿಂದಕ್ಕೆ, ಔತಣಕೂಟದ ಮೊದಲ ಭೇಟಿಗೆ ಹೋದರು. ಅಪರಿಚಿತರಾದ ಇಬ್ಬರೂ ಅಲ್ಲಿ ಆಡುವ ಮೊದಲ ಮಾತುಗಳೆಲ್ಲ ಸೇರಿ ಪ್ರಾಸಬದ್ಧವಾದ 14 ಸಾಲಿನ ಒಂದು ಸಾನೆಟ್ ಆಗುತ್ತವೆ: ಅವನದು ನಾಲ್ಕು ಸಾಲು, ಅವಳದು ನಾಲ್ಕು, ಆಮೇಲೆ ಒಂದೊಂದಾಗಿ ಕೊಟ್ಟು ತೆಗೆದುಕೊಳ್ಳುವ ಸಾಲುಗಳು. ಪ್ರಾಸದ ಪದಗಳನ್ನು ಇಬ್ಬರೂ ಪರಸ್ಪರ ಎತ್ತಿಕೊಳ್ಳುತ್ತಾರೆ. ಮುತ್ತಿನೊಂದಿಗೆ ಸಾನೆಟ್ ಮುಗಿಯುತ್ತದೆ. ಒಡನೆಯೇ ಅವರು ಇನ್ನೊಂದನ್ನು ಆರಂಭಿಸುತ್ತಾರೆ. ಅದರ ನಾಲ್ಕು ಸಾಲು ಮುಗಿಯುವಷ್ಟರಲ್ಲಿ ದಾದಿ ಬಂದು, ನಿಮ್ಮ ತಾಯಿ ಕರೆಯುತ್ತಿದ್ದಾರೆ ಎನ್ನುತ್ತಾಳೆ. ಎರಡನೆಯ ಸಾನೆಟ್ ಅಷ್ಟಕ್ಕೇ ಉಳಿಯುತ್ತದೆ. ಮಕ್ಕಳು ಹಸಿರು ಮತ್ತು ಕೆಂಪು ಪೆನ್ಸಿಲ್‌ನಿಂದ ಇಬ್ಬರ ಸಾಲುಗಳನ್ನೂ ಗುರುತಿಸಿದಾಗ ಈ ಕಟ್ಟಡ ಅವರ ಕಣ್ಣಿಗೇ ಕಂಡಿತು. ಆತುರದ ಪ್ರೇಮ ಎಂದು ಹೀಗಳೆದು ಬರೆದಿದ್ದ ಒಬ್ಬ, ಇಷ್ಟು ಬೇಗ ಇಷ್ಟು ಸರಿಯಾಗಿ ಇಬ್ಬರ ಮಾತು ಕೂಡಿದರೆ ಆತುರ ಪಡದೆ ಏನು ಮಾಡುತ್ತಾರೆ ಎಂದು ಕೇಳಿದ. ತಮಾಷೆಗೆ ಕೇಳಿದ್ದಿರಬಹುದು, ಆದರೆ ವಿಮರ್ಶೆಯಾಗಿಯೂ ಅದು ಕೆಟ್ಟದ್ದಲ್ಲ.

ಸಾವಿನ ದೃಶ್ಯವನ್ನು ನಿರ್ವಹಿಸಿದ ಬಗೆ

ನಾಟಕದಲ್ಲಿ ಇಬ್ಬರು ಹದಿಹರೆಯದವರು ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ. ಓದುವವರು ಹೆಚ್ಚುಕಡಿಮೆ ಅದೇ ವಯಸ್ಸಿನವರು. ಇದನ್ನು ಹಳೆಯ ಕಾವ್ಯ ಎಂಬ ನೆಪದಲ್ಲಿ ತೇಲಿಸಿಬಿಡುವುದು ನನ್ನ ದೃಷ್ಟಿಯಲ್ಲಿ ಬೇಜವಾಬ್ದಾರಿ. ಆತ್ಮಹತ್ಯೆಯನ್ನು ಸಮಸ್ಯೆಗೆ ಪರಿಹಾರವೆಂಬಂತೆ ಚಿತ್ರಿಸಬಾರದು, ಅದರ ವಿಧಾನವನ್ನು ವಿವರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ನೀಡಿರುವ ಮಾರ್ಗಸೂಚಿ ತರಗತಿಗೂ ಹೊಂದುತ್ತದೆ. ಶಿಕ್ಷಕಿ ಶಾಲೆಯ ಆಪ್ತಸಮಾಲೋಚಕರಿಗೆ ಮುಂಚಿತವಾಗಿ ತಿಳಿಸಿದ್ದರು. ಯಾವ ದಿನ ಯಾವ ದೃಶ್ಯ ಎಂಬುದನ್ನು ಮಕ್ಕಳಿಗೂ ಹೇಳಿದ್ದರು. ಆ ದೃಶ್ಯವನ್ನು ಅಭಿನಯಿಸಲು ಯಾರನ್ನೂ ಕೇಳಲಿಲ್ಲ. ಇಂಥ ಯೋಚನೆ ಬಂದರೆ ಯಾರ ಬಳಿ ಹೋಗಬಹುದೆಂಬುದನ್ನು ನಾಟಕದ ಚರ್ಚೆಯೊಳಗೆ ಬೆರೆಸದೆ, ಪಾಠಕ್ಕೆ ಮುನ್ನ ನೇರವಾಗಿ ತಿಳಿಸಿದರು.

ಪಾಠದ ಒತ್ತು ಬಿದ್ದದ್ದು ಗೋರಿಯಿಂದ ಓಡಿಹೋಗುವ ಫ್ರಯರ್ ಮೇಲೆ. ಕಾವಲುಗಾರರ ಸದ್ದು ಕೇಳಿದ ಅವನು, ತಾನು ಇನ್ನು ನಿಲ್ಲಲಾರೆನೆಂದು, ಈಗಷ್ಟೇ ಎದ್ದ ಹುಡುಗಿಯನ್ನು ಸತ್ತ ಗಂಡನ ಪಕ್ಕದಲ್ಲಿ ಬಿಟ್ಟು ಹೋಗುತ್ತಾನೆ. ದೊಡ್ಡವರೊಬ್ಬರು ಆ ಕೆಲವು ನಿಮಿಷ ಅಲ್ಲಿ ನಿಂತಿದ್ದರೆ ಎಂಬ ಪ್ರಶ್ನೆಯನ್ನು ಎತ್ತಿದವರು ಮಕ್ಕಳೇ. ಸಾವನ್ನು ಪ್ರೇಮದ ಗೆಲುವೆಂದು ಬಣ್ಣಿಸುವ ಜನಪ್ರಿಯ ಓದು ಈ ಪ್ರಶ್ನೆಯೆದುರು ನಿಲ್ಲಲಿಲ್ಲ.

ಎರಡನೆಯ ಬರಹ ಮತ್ತು ಉಳಿದ ತೊಡಕು

ಕೊನೆಯ ಬರಹಕ್ಕೆ ಪ್ರಶ್ನೆ ಹೀಗಿತ್ತು: ಬೇರೆ ರೀತಿ ನಡೆಯಬಹುದಾಗಿದ್ದ ಒಂದು ಕ್ಷಣವನ್ನು ಆರಿಸಿ, ಅದು ಏಕೆ ಹಾಗೆ ನಡೆಯಲಿಲ್ಲವೆಂಬುದನ್ನು ಆ ದೃಶ್ಯದ ಮಾತುಗಳಿಂದಲೇ ವಿವರಿಸಿ. ಉತ್ತರಗಳು ಒಂದರಂತೆ ಒಂದು ಇರಲಿಲ್ಲ. ಬುಧವಾರಕ್ಕೆ ಎಳೆದ ಮದುವೆ, ಮುದ್ರೆ ಹಾಕಿದ ಬಾಗಿಲು, ಜಗಳ ಬಿಡಿಸಲು ಹೋದ ರೋಮಿಯೋನ ತೋಳಿನ ಕೆಳಗಿನಿಂದ ಮರ್ಕ್ಯೂಶಿಯೋಗೆ ತಗುಲಿದ ಇರಿತ, ಹೀಗೆ ಬೇರೆ ಬೇರೆ ಕಡೆ ಅವು ಬೇರೂರಿದ್ದವು. ಕೆಲವರ ಇಂಗ್ಲಿಷ್ ಮೊದಲ ಪ್ರಬಂಧಕ್ಕಿಂತ ಒರಟಾಗಿತ್ತು. ಕಲಿತು ಬಂದ ಸಿದ್ಧ ವಾಕ್ಯಗಳು ಇಲ್ಲಿ ಉಪಯೋಗಕ್ಕೆ ಬಾರದಿದ್ದುದೇ ಅದಕ್ಕೆ ಕಾರಣ. ಓದಿನಲ್ಲಿ ತೀರ ಹಿಂದಿದ್ದ ಕೆಲವರಿಗೆ ಗೋಡೆಯ ಪಟ್ಟಿ ನೆರವಾಯಿತೇ ಹೊರತು ಪದ್ಯ ಕೊನೆಯವರೆಗೂ ಭಾರವಾಗಿಯೇ ಉಳಿಯಿತು. ಅವರಿಗೆ ದೃಶ್ಯಗಳನ್ನು ಕಡಿಮೆ ಮಾಡಿ, ಆಯ್ದ ಸಾಲುಗಳನ್ನು ಗಟ್ಟಿಯಾಗಿ ಓದಿಸುವುದು ಮೇಲೆಂದು ನನಗನ್ನಿಸುತ್ತದೆ.

ಸಹೋದ್ಯೋಗಿಯೊಬ್ಬರು ಎತ್ತಿದ ಆಕ್ಷೇಪ ಬೇರೆಯದು. ಪರೀಕ್ಷೆಯಲ್ಲಿ ಬರುವುದು ಹಳೆಯ ಪ್ರಶ್ನೆಯೇ, ಕಾರಣವೇನು ಎಂಬುದೇ. ಹೀಗಿರುವಾಗ ಇಷ್ಟು ಸಮಯ ಹಾಕುವುದು ಸರಿಯೇ ಎಂದು ಅವರು ಕೇಳಿದರು. ಅದಕ್ಕೆ ಶಿಕ್ಷಕಿ, ಅದೇ ಹಳೆಯ ಪ್ರಶ್ನೆಯನ್ನು ಮಕ್ಕಳಿಗೆ ಮತ್ತೊಮ್ಮೆ ಕೊಟ್ಟು, ಈ ಬಾರಿ ವಿಧಿ ಎಂಬ ಪದವನ್ನು ಬಳಸಲು ಅವಕಾಶವಿದೆ, ಆದರೆ ಬಳಸಿದ ಕಡೆಯಲ್ಲೆಲ್ಲ ಅಲ್ಲಿ ಮನುಷ್ಯರ ಕೈಯಲ್ಲಿ ಏನಿತ್ತು ಎಂಬುದನ್ನೂ ಬರೆಯಬೇಕು ಎಂದು ಸೂಚಿಸಿದರು. ಹಾಗೆ ಬರೆದ ಉತ್ತರಗಳಲ್ಲಿ ಎರಡನ್ನು ಆ ಸಹೋದ್ಯೋಗಿ ತಮ್ಮ ತರಗತಿಯಲ್ಲಿ ಓದಿ ಹೇಳಲು ಕೇಳಿ ಪಡೆದರು.